ಪಾದದ ಗಂಟಿನ ಬಾವು: ಒಳಗೇನಿದೆ ಎಂದು ತೋರಿಸುವ ಸ್ಕ್ಯಾನಿಂಗ್

ಕೃಷಿ ಮತ್ತು ಆರೋಗ್ಯ

ಸ್ಕ್ಯಾನಿಂಗ್ ಎಂದ ಕೂಡಲೇ ನಮ್ಮ ಊರುಗಳಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಗರ್ಭಿಣಿಯರು. ಮೂತ್ರಪಿಂಡದ ಕಲ್ಲು, ಪಿತ್ತಕೋಶದ ಕಲ್ಲು ಮುಂತಾದವುಗಳಿಗೂ ಸ್ಕ್ಯಾನಿಂಗ್ ಮಾಡುತ್ತಾರೆಂಬುದು ಹಲವರಿಗೆ ಗೊತ್ತು. ಆದರೆ ಕಾಲಿನ ಗಂಟು ಬಾತುಕೊಂಡು ಹೋದವರಿಗೆ ವೈದ್ಯರು ಅಲ್ಟ್ರಾಸೌಂಡ್ ಮಾಡಿಸಲು ಚೀಟಿ ಬರೆದುಕೊಟ್ಟರೆ, “ಗಂಟುನೋವಿಗೆ ಸ್ಕ್ಯಾನಿಂಗ್ ಯಾಕೆ? ಎಕ್ಸ್‌ರೇ ಸಾಲದೇ?” ಎಂದು ಕೇಳುವವರೇ ಹೆಚ್ಚು. ಕೆಲವರು ಚೀಟಿಯನ್ನು ಕಪಾಟಿನಲ್ಲಿಟ್ಟು ನೋವಿನ ಮಾತ್ರೆ ನುಂಗುತ್ತಾ ದಿನ ದೂಡುತ್ತಾರೆ.

ತೋಟ, ಗದ್ದೆ, ಹಟ್ಟಿ ಎಂದು ದಿನವಿಡೀ ಕಾಲಮೇಲೆ ಇರುವವರಿಗೆ ಪಾದದ ಗಂಟು ಕೈಕೊಟ್ಟರೆ ಬದುಕೇ ಕುಂಟುತ್ತದೆ. ಆದುದರಿಂದ ರುಮಟಾಯಿಡ್ ಸಂಧಿವಾತದಲ್ಲಿ ಪಾದದ ಗಂಟಿಗೆ ಏನಾಗುತ್ತದೆ, ಅದನ್ನು ತಿಳಿಯಲು ಅಲ್ಟ್ರಾಸೌಂಡ್ ಹೇಗೆ ನೆರವಾಗುತ್ತದೆ, ಅದರ ಮಿತಿ ಏನು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ರುಮಟಾಯಿಡ್ ಸಂಧಿವಾತ ಎಂದರೇನು?

ಗಂಟುನೋವುಗಳೆಲ್ಲ ಒಂದೇ ಅಲ್ಲ. ವಯಸ್ಸಾದಂತೆ ಮೊಣಕಾಲಿನ ಮೃದ್ವಸ್ಥಿ ಸವೆದು ಬರುವ ನೋವು ಒಂದು ಬಗೆ. ಅದು ಕೆಲಸ ಮಾಡಿದಂತೆ ಹೆಚ್ಚಾಗುತ್ತದೆ, ಕುಳಿತರೆ ಕಡಿಮೆಯಾಗುತ್ತದೆ. ರುಮಟಾಯಿಡ್ ಸಂಧಿವಾತ ಬೇರೆಯೇ ಕಾಯಿಲೆ. ನಮ್ಮನ್ನು ರೋಗಾಣುಗಳಿಂದ ಕಾಯಬೇಕಾದ ದೇಹದ ರಕ್ಷಣಾ ಶಕ್ತಿಯೇ ದಾರಿತಪ್ಪಿ ಸ್ವಂತ ಕೀಲುಗಳ ಮೇಲೆ ಬೀಳುವುದರಿಂದ ಇದು ಉಂಟಾಗುತ್ತದೆ.

ಪ್ರತಿ ಕೀಲಿನ ಒಳಗೆ ತೆಳುವಾದ ಒಂದು ಪೊರೆ ಇದೆ. ಕೀಲು ಸರಾಗವಾಗಿ ಜಾರಲು ಬೇಕಾದ ಸ್ವಲ್ಪ ದ್ರವವನ್ನು ಅದು ಕೊಡುತ್ತದೆ. ಈ ಕಾಯಿಲೆಯಲ್ಲಿ ಪೊರೆಗೆ ಉರಿಯೂತ ಹಿಡಿದು ಅದು ದಪ್ಪಗಾಗುತ್ತದೆ, ಹೊಸ ರಕ್ತನಾಳಗಳು ಹುಟ್ಟಿಕೊಳ್ಳುತ್ತವೆ, ಕೀಲಿನಲ್ಲಿ ನೀರು ತುಂಬುತ್ತದೆ. ಹಾಗೆಯೇ ಬಿಟ್ಟರೆ ದಪ್ಪಗಾದ ಪೊರೆ ಮೃದ್ವಸ್ಥಿಯನ್ನೂ ಎಲುಬಿನ ಅಂಚನ್ನೂ ಕೊರೆಯುತ್ತದೆ. ಒಮ್ಮೆ ಕೊರೆದುಹೋದ ಎಲುಬು ಮೊದಲಿನಂತಾಗುವುದು ಕಷ್ಟ.

ಗಂಡಸರಿಗಿಂತ ಹೆಂಗಸರಲ್ಲಿ ಇದು ಸುಮಾರು ಮೂರು ಪಾಲು ಹೆಚ್ಚು. ಮುಖ್ಯ ಲಕ್ಷಣಗಳು ಇವು: ಬೆಳಿಗ್ಗೆ ಎದ್ದಾಗ ಕೈಕಾಲುಗಳ ಗಂಟು ಹಿಡಿದುಕೊಂಡಂತಾಗಿ ಸಡಿಲವಾಗಲು ಅರ್ಧ ಗಂಟೆಗಿಂತಲೂ ಹೆಚ್ಚು ಹೊತ್ತು ಬೇಕಾಗುವುದು, ಕೈಬೆರಳಿನ ಬುಡ, ಮಣಿಕಟ್ಟು, ಕಾಲ್ಬೆರಳಿನ ಬುಡ ಮುಂತಾದ ಕಡೆ ಎಡಬಲ ಎರಡೂ ಬದಿಯಲ್ಲಿ ಬಾವು, ಆಯಾಸ, ಹಸಿವೆ ಕಡಿಮೆಯಾಗುವುದು. ಇಂತಹ ಬಾವು ಆರು ವಾರ ದಾಟಿಯೂ ಇಳಿಯದಿದ್ದರೆ ತಡಮಾಡದೆ ಸಂಧಿವಾತ ತಜ್ಞರನ್ನು ಕಾಣಬೇಕು.

ಪಾದದ ಗಂಟಿನ ರಚನೆ

ನಾವು ಪಾದದ ಗಂಟು ಎಂದು ಕರೆಯುವುದು ಒಂದೇ ಕೀಲಲ್ಲ. ಮೊಣಕಾಲಿನಿಂದ ಕೆಳಗಿಳಿಯುವ ಎರಡು ಎಲುಬುಗಳು ತಾಲಸ್ ಎಂಬ ಎಲುಬಿನ ಮೇಲೆ ಕೂರುವಲ್ಲಿ ಮುಖ್ಯ ಕೀಲು ಇದೆ. ಪಾದವನ್ನು ಮೇಲೆ ಕೆಳಗೆ ಆಡಿಸುವುದು ಇಲ್ಲಿಂದ. ತಾಲಸ್ ಮತ್ತು ಹಿಮ್ಮಡಿ ಎಲುಬಿನ ನಡುವೆ ಇನ್ನೊಂದು ಕೀಲು ಇದೆ. ಗುಡ್ಡೆಯ ಓರೆ ನೆಲದಲ್ಲಿ, ಕಲ್ಲುಮುಳ್ಳಿನ ದಾರಿಯಲ್ಲಿ ಪಾದ ಒಳಕ್ಕೂ ಹೊರಕ್ಕೂ ವಾಲಿಕೊಂಡು ನಮ್ಮನ್ನು ಬೀಳದಂತೆ ಹಿಡಿಯುವುದು ಇದೇ ಕೀಲು. ತಾಲಸಿನ ಮುಂದೆ ಪಾದದ ಕಮಾನಿನ ತುದಿಯಲ್ಲಿ ಮೂರನೆಯ ಕೀಲು.

ಇವುಗಳ ಸುತ್ತ ಸ್ನಾಯುರಜ್ಜುಗಳು ಹಾದುಹೋಗುತ್ತವೆ. ಮಾಂಸಖಂಡವನ್ನು ಎಲುಬಿಗೆ ಕಟ್ಟಿರುವ ಹಗ್ಗಗಳೇ ಸ್ನಾಯುರಜ್ಜುಗಳು. ಹಳ್ಳಿಯಲ್ಲಿ ಇವನ್ನೇ ನರ ಎನ್ನುವುದುಂಟು. ಗಂಟಿನ ಮುಂಭಾಗದಲ್ಲಿ ಪಾದವನ್ನೂ ಬೆರಳುಗಳನ್ನೂ ಮೇಲೆತ್ತುವ ಮೂರು ಇವೆ. ಒಳಬದಿಯ ಉಬ್ಬಿನ ಹಿಂದೆ ಮೂರು, ಹೊರಬದಿಯ ಉಬ್ಬಿನ ಹಿಂದೆ ಎರಡು. ಇವೆಲ್ಲ ಗಂಟಿನ ಬಳಿ ಒಂದೊಂದು ಕೊಳವೆಯಂತಹ ಹೊದಿಕೆಯೊಳಗೆ ಓಡುತ್ತವೆ. ಈ ಹೊದಿಕೆಯ ಒಳಮೈಯೂ ಕೀಲಿನ ಪೊರೆಯ ಜಾತಿಯದೇ. ಆದುದರಿಂದ ಕೀಲಿಗೆ ಹಿಡಿಯುವ ಉರಿಯೂತ ಈ ಹೊದಿಕೆಗೂ ಹಿಡಿಯುತ್ತದೆ. ಹಿಂಬದಿಯ ದಪ್ಪನೆಯ ಅಕಿಲಿಸ್ ರಜ್ಜುವಿಗೆ ಮಾತ್ರ ಇಂತಹ ಹೊದಿಕೆ ಇಲ್ಲ; ಆದರೆ ಅದರ ಮುಂದೆ, ಹಿಮ್ಮಡಿ ಎಲುಬಿನ ಮೇಲೆ ನೀರಿನ ಸಣ್ಣ ಚೀಲವೊಂದಿದೆ. ಅದೂ ಬಾತುಕೊಳ್ಳಬಹುದು.

ಒಳಬದಿಯ ಮೂರರಲ್ಲಿ ಟಿಬಿಯಾಲಿಸ್ ಪೋಸ್ಟೀರಿಯರ್ ಎಂಬುದರ ಹೆಸರನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಪಾದದ ಅಡಿಯ ಕಮಾನನ್ನು ಎತ್ತಿ ಹಿಡಿಯುವುದರಲ್ಲಿ ಇದರ ಪಾಲು ದೊಡ್ಡದು. ಇದಕ್ಕೆ ಬಹುಕಾಲ ಉರಿಯೂತ ಹಿಡಿದರೆ ರಜ್ಜು ಎಳೆಎಳೆಯಾಗಿ ಸಡಿಲಗೊಂಡು ಹರಿದೂಹೋಗಬಹುದು. ಆಗ ಕಮಾನು ಕುಸಿದು ಪಾದ ಚಪ್ಪಟೆಯಾಗುತ್ತದೆ, ಹಿಮ್ಮಡಿ ಹೊರಕ್ಕೆ ವಾಲುತ್ತದೆ. ಇದು ಕೂಡಲೇ ಆಗುವುದಲ್ಲ, ತಿಂಗಳುಗಳು, ವರ್ಷಗಳು ಹಿಡಿಯುತ್ತವೆ. ಆ ಅವಧಿಯಲ್ಲಿಯೇ ಗುರುತಿಸಬೇಕಾದುದು ನಮ್ಮ ಕೆಲಸ.

ಕೈಯಿಂದ ಮುಟ್ಟಿ ನೋಡಿದರೆ ಸಾಲದೇ?

ಬೆರಳಿನ ಗಂಟಾದರೆ ಅನುಭವಿ ವೈದ್ಯರು ಒತ್ತಿ ನೋಡಿಯೇ ಬಾವನ್ನು ಗುರುತಿಸುತ್ತಾರೆ. ಪಾದದ ಗಂಟಿನಲ್ಲಿ ಅಷ್ಟು ಸುಲಭವಲ್ಲ. ಕೀಲು, ರಜ್ಜು, ಹೊದಿಕೆ, ಕೊಬ್ಬು ಎಲ್ಲವೂ ಇಕ್ಕಟ್ಟಿನಲ್ಲಿ ಒಂದರ ಮೇಲೊಂದು ಇವೆ. ಮೇಲಿಂದ ನೋಡಿದರೆ ಎಲ್ಲವೂ ಒಂದೇ ಬಾವು. ದಪ್ಪ ಮೈಯವರಲ್ಲಿ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ಕಾಲಲ್ಲಿ ನೀರಿಳಿದವರಲ್ಲಿ, ಆನೆಕಾಲು ರೋಗದವರಲ್ಲಿ ಇನ್ನೂ ಕಷ್ಟ.

ಅಡಿಕೆ ತೋಟದ ಒಂದು ಮೂಲೆಯಲ್ಲಿ ಬೇಸಗೆಯಲ್ಲೂ ನೆಲ ಒದ್ದೆಯಾಗಿದೆ ಎಂದಿಟ್ಟುಕೊಳ್ಳಿ. ನೆಲದಡಿಯ ಪೈಪು ಒಡೆದಿರಬಹುದು, ಪೈಪಿನ ಜೋಡಣೆ ಸೋರುತ್ತಿರಬಹುದು, ಅಥವಾ ಮೇಲಿನ ಗುಡ್ಡೆಯ ಒರತೆಯಿರಬಹುದು. ಒದ್ದೆಯಾದ ನೆಲ ಮಾತ್ರ ಒಂದೇ. ಎಲ್ಲಿಂದ ಎಂದು ತಿಳಿಯದೆ ಹಾರೆ ಹಿಡಿದರೆ ಇಡೀ ತೋಟ ಅಗೆಯಬೇಕಾದೀತು. ಪಾದದ ಗಂಟಿನ ಬಾವೂ ಹೀಗೆಯೇ. ಕೀಲು ಬಾತಿದೆಯೋ, ಯಾವ ಕೀಲು, ರಜ್ಜುವಿನ ಹೊದಿಕೆ ಬಾತಿದೆಯೋ, ಯಾವ ರಜ್ಜು, ಅಥವಾ ಚರ್ಮದಡಿ ನೀರಿಳಿದದ್ದೇ ಎಂಬುದು ಮೊದಲು ತಿಳಿಯಬೇಕು.

ಇನ್ನೊಂದು ಸಂಗತಿಯನ್ನು ರೋಗಿಗಳು ತಿಳಿದಿರಬೇಕು. ಸಂಧಿವಾತ ಎಷ್ಟು ತೀವ್ರವಾಗಿದೆ ಎಂದು ಅಳೆಯಲು ಜಗತ್ತಿನಾದ್ಯಂತ ವೈದ್ಯರು 28 ಕೀಲುಗಳ ಒಂದು ಲೆಕ್ಕವನ್ನು ಬಳಸುತ್ತಾರೆ. 1995ರಲ್ಲಿ ನೆದರ್‌ಲ್ಯಾಂಡ್ಸಿನ ವೈದ್ಯರು ಪ್ರಕಟಿಸಿದ ಈ ಲೆಕ್ಕದಲ್ಲಿ ಭುಜ, ಮೊಣಕೈ, ಮಣಿಕಟ್ಟು, ಕೈಬೆರಳಿನ ಗಂಟುಗಳು ಮತ್ತು ಮೊಣಕಾಲು ಇವೆ. ಪಾದ ಮತ್ತು ಪಾದದ ಗಂಟು ಇಲ್ಲ! ತಪಾಸಣೆ ಬೇಗ ಮುಗಿಯಲೆಂದು ಮಾಡಿದ ಸರಳ ಲೆಕ್ಕವದು, ಅದರಿಂದ ಉಪಕಾರವೂ ಆಗಿದೆ. ಆದರೆ ಕೈಗಳೆಲ್ಲ ಸರಿಯಾಗಿ, ಪಾದದ ಗಂಟು ಮಾತ್ರ ಬಾತಿರುವ ರೋಗಿಯ ಕಾಯಿಲೆ ಈ ಲೆಕ್ಕದಲ್ಲಿ ಹತೋಟಿಗೆ ಬಂದಂತೆ ಕಾಣಬಹುದು. ಆದುದರಿಂದ ವೈದ್ಯರಲ್ಲಿಗೆ ಹೋದಾಗ ಅವರು ಕೇಳದಿದ್ದರೂ ಚಪ್ಪಲಿ ಕಳಚಿ ಎರಡೂ ಪಾದಗಳನ್ನು ತೋರಿಸಿ. ನಾಚಿಕೆ ಬೇಡ. ಮಣ್ಣು, ಒಡಕು ಇದ್ದರೂ ತೊಂದರೆಯಿಲ್ಲ.

ಅಲ್ಟ್ರಾಸೌಂಡ್ ಹೇಗೆ ಕೆಲಸ ಮಾಡುತ್ತದೆ?

ಮನುಷ್ಯರ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ ಕೇಳಿಸುತ್ತದೆ. ಅದಕ್ಕಿಂತ ಮೇಲಿನದು ಅಲ್ಟ್ರಾಸೌಂಡ್. ವೈದ್ಯರ ಕೈಯಲ್ಲಿರುವ ಪ್ರೋಬ್ ಎಂಬ ಸಾಧನ ಈ ಶಬ್ದವನ್ನು ದೇಹದೊಳಗೆ ಕಳಿಸಿ, ಮರಳಿ ಬರುವ ಪ್ರತಿಧ್ವನಿಯನ್ನು ಹಿಡಿದು ಪರದೆಯ ಮೇಲೆ ಚಿತ್ರವಾಗಿಸುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಹೊಟ್ಟೆಯ ಗಡ್ಡೆಗಳನ್ನೂ ಗರ್ಭವನ್ನೂ ಈ ರೀತಿ ಪರೀಕ್ಷಿಸಿದ್ದನ್ನು ಪ್ರಕಟಿಸಿದ ಬಳಿಕ ಇದು ವೈದ್ಯಕೀಯದಲ್ಲಿ ಹರಡಿತು. ಮೊಣಕಾಲಿನ ಹಿಂದೆ ತುಂಬಿದ ನೀರಿನ ಚೀಲವನ್ನೂ ಕಾಲಿನ ರಕ್ತನಾಳದ ಉರಿಯೂತವನ್ನೂ ಬೇರ್ಪಡಿಸಲು ಇದನ್ನು ಬಳಸಿದ ವರದಿ 1972ರಲ್ಲೇ ಬಂದಿತ್ತು.

ಹೊಟ್ಟೆಗೆ ಬಳಸುವ ಪ್ರೋಬ್ ಬೇರೆ, ಕೀಲಿಗೆ ಬಳಸುವ ಪ್ರೋಬ್ ಬೇರೆ. ಕಂಪನ ಹೆಚ್ಚಿದಂತೆ ಚಿತ್ರ ಸೂಕ್ಷ್ಮವಾಗುತ್ತದೆ, ಆದರೆ ಆಳಕ್ಕೆ ಹೋಗುವುದಿಲ್ಲ. ಪಾದದ ಗಂಟಿನ ಭಾಗಗಳು ಚರ್ಮದ ಸನಿಹದಲ್ಲೇ ಇರುವುದರಿಂದ ಹೆಚ್ಚು ಕಂಪನದ, ಚಪ್ಪಟೆ ಮುಖದ ಪ್ರೋಬ್ ಇದಕ್ಕೆ ಹೊಂದುತ್ತದೆ.

ಪರದೆಯಲ್ಲಿ ಎಲುಬಿನ ಮೇಲ್ಮೈ ಬಿಳಿ ಗೆರೆಯಾಗಿ ಕಾಣುತ್ತದೆ. ನೀರು ಕಪ್ಪಾಗಿ, ದಪ್ಪಗಾದ ಪೊರೆ ಬೂದುಗಪ್ಪಾಗಿ ಕಾಣುತ್ತದೆ. ಆರೋಗ್ಯವಾದ ಸ್ನಾಯುರಜ್ಜು ತೆಂಗಿನ ನಾರಿನ ಹಗ್ಗದಂತೆ ಎಳೆಎಳೆಯಾಗಿ ಬೆಳ್ಳಗೆ ಕಾಣುತ್ತದೆ. ಹೊದಿಕೆಗೆ ಉರಿಯೂತ ಹಿಡಿದಿದ್ದರೆ ಆ ಹಗ್ಗದ ಸುತ್ತ ಕಪ್ಪು ಉಂಗುರವೊಂದು ಕಾಣಿಸಿಕೊಳ್ಳುತ್ತದೆ. ಪ್ರೋಬನ್ನು ಮೆಲ್ಲನೆ ಒತ್ತಿದಾಗ ನೀರು ಸರಿಯುತ್ತದೆ, ದಪ್ಪಗಾದ ಪೊರೆ ಸರಿಯುವುದಿಲ್ಲ. ಹೀಗೆ ಎರಡನ್ನೂ ಬೇರೆ ಮಾಡುತ್ತಾರೆ.

ಇದರ ಜೊತೆಗೆ ಪವರ್ ಡಾಪ್ಲರ್ ಎಂಬ ವ್ಯವಸ್ಥೆಯಿದೆ. ಸಣ್ಣ ನಾಳಗಳಲ್ಲಿ ರಕ್ತ ಹರಿಯುವುದನ್ನು ಅದು ಕೆಂಪು, ಕಿತ್ತಳೆ ಬಣ್ಣದ ಚುಕ್ಕೆಗಳಾಗಿ ತೋರಿಸುತ್ತದೆ. ದಪ್ಪಗಾದ ಪೊರೆಯಲ್ಲಿ ಬಣ್ಣ ತುಂಬಿದ್ದರೆ ಬೆಂಕಿ ಇನ್ನೂ ಉರಿಯುತ್ತಿದೆ ಎಂದರ್ಥ. ಪೊರೆ ದಪ್ಪವಿದ್ದೂ ಬಣ್ಣವಿಲ್ಲದಿದ್ದರೆ ಅದು ಹಳೆಯ ಉರಿಯೂತ ಬಿಟ್ಟುಹೋದ ಗುರುತಾಗಿರಬಹುದು. ಎಕ್ಸ್‌ರೇಯಲ್ಲಿ ಕಾಣುವುದು ಮುಖ್ಯವಾಗಿ ಎಲುಬಿಗಾದ ಹಾನಿ. ಎಲುಬು ಕೊರೆಯುವ ಮೊದಲೇ ಒಳಗಿನ ಬೆಂಕಿಯನ್ನು ಕಾಣುವುದೇ ಅಲ್ಟ್ರಾಸೌಂಡಿನ ದೊಡ್ಡ ಪ್ರಯೋಜನ.

ಪರೀಕ್ಷೆ ನಡೆಯುವ ಕ್ರಮ

ಈ ಪರೀಕ್ಷೆಗೆ ಉಪವಾಸ ಬೇಡ, ನೀರು ಕುಡಿದು ಕಾಯುವುದೂ ಬೇಡ. ಸೂಜಿ ಇಲ್ಲ, ವಿಕಿರಣ ಇಲ್ಲ. ಎರಡೂ ಕಾಲುಗಳನ್ನು ನೋಡಲು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಾಕು.

1. ಮೊಣಕಾಲಿನವರೆಗೆ ಬಟ್ಟೆ ಮೇಲೆತ್ತಲು ಸುಲಭವಾಗುವಂತಹ ಉಡುಪು ಧರಿಸಿ. ಕಾಲಿಗೆ ಎಣ್ಣೆ, ಲೇಪ ಹಚ್ಚಿಕೊಂಡು ಹೋಗಬೇಡಿ.

2. ಮೊದಲು ಅಂಗಾತ ಮಲಗಿಸಿ, ಮೊಣಕಾಲು ಮಡಚಿ, ಅಂಗಾಲನ್ನು ಮಂಚದ ಮೇಲೆ ಊರಿಸುತ್ತಾರೆ. ತಣ್ಣಗಿನ ಜೆಲ್ ಹಚ್ಚಿ ಗಂಟಿನ ಮುಂಭಾಗವನ್ನು ಉದ್ದಕ್ಕೂ ಅಡ್ಡಕ್ಕೂ ನೋಡುತ್ತಾರೆ.

3. ಬಳಿಕ ಕಾಲನ್ನು ಹೊರಕ್ಕೆ ತಿರುಗಿಸಿ ಒಳಬದಿಯ ರಜ್ಜುಗಳನ್ನೂ, ಒಳಕ್ಕೆ ತಿರುಗಿಸಿ ಹೊರಬದಿಯ ರಜ್ಜುಗಳನ್ನೂ ನೋಡುತ್ತಾರೆ.

4. ಕೊನೆಗೆ ಬೋರಲು ಮಲಗಿಸಿ, ಪಾದವನ್ನು ಮಂಚದ ಅಂಚಿನಿಂದ ಹೊರಗೆ ಇಳಿಬಿಟ್ಟು ಹಿಮ್ಮಡಿಯ ಹಿಂಭಾಗವನ್ನು ಪರೀಕ್ಷಿಸುತ್ತಾರೆ.

5. ಡಾಪ್ಲರ್ ನೋಡುವಾಗ ಕಾಲನ್ನು ಅಲುಗಾಡಿಸದೆ ಸಡಿಲ ಬಿಡಬೇಕು. ಬಿಗಿ ಹಿಡಿದರೆ ಅಥವಾ ಪ್ರೋಬನ್ನು ಬಲವಾಗಿ ಒತ್ತಿದರೆ ಸಣ್ಣ ನಾಳಗಳ ಬಣ್ಣ ಮಾಯವಾಗುತ್ತದೆ.

ನೋವು ಇಳಿಸುವ ಮಾತ್ರೆ, ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಮೊದಲು ಹೇಳಿ. ಇವುಗಳಿಂದ ಉರಿಯೂತ ಇದ್ದುದಕ್ಕಿಂತ ಕಡಿಮೆ ಕಾಣಬಹುದು. ಹಾಗೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ವೈದ್ಯರು ಹೇಳಿದಂತೆ ಮಾಡಿ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯಿದೆಯಂತೆ ಅಲ್ಟ್ರಾಸೌಂಡ್ ಯಂತ್ರಗಳು ನೋಂದಾಯಿತ ಕೇಂದ್ರಗಳಲ್ಲಿ ಮಾತ್ರ ಇರಬೇಕು. ಕಾಲಿನ ಪರೀಕ್ಷೆಯಾದರೂ ಅಂತಹ ಕೇಂದ್ರಕ್ಕೇ ಹೋಗಿ. ಚೀಟಿಯಲ್ಲಿ ಕೇವಲ ‘ಕಾಲು’ ಎಂದಿದ್ದರೆ ಯಾವ ಕಾಲು, ಯಾವ ಜಾಗ, ಡಾಪ್ಲರ್ ಬೇಕೇ ಎಂದು ವೈದ್ಯರಲ್ಲಿ ಕೇಳಿ ಬರೆಸಿಕೊಳ್ಳಿ.

ವರದಿಯಲ್ಲಿ ಏನಿರುತ್ತದೆ?

ಒಂದೊಂದು ಕೀಲಿನ, ಒಂದೊಂದು ರಜ್ಜುವಿನ ಸ್ಥಿತಿ ಬೇರೆಬೇರೆಯಾಗಿ ಬರೆದಿದ್ದರೆ ಅದು ಒಳ್ಳೆಯ ವರದಿ. ಸಾಮಾನ್ಯವಾಗಿ ಬರುವ ಶಬ್ದಗಳ ಅರ್ಥ ಹೀಗಿದೆ. ಎಫ್ಯೂಷನ್ ಎಂದರೆ ಕೀಲಿನಲ್ಲಿ ನೀರು. ಸೈನೋವೈಟಿಸ್ ಎಂದರೆ ಕೀಲಿನ ಪೊರೆಯ ಉರಿಯೂತ. ಟೀನೋಸೈನೋವೈಟಿಸ್ ಎಂದರೆ ರಜ್ಜುವಿನ ಹೊದಿಕೆಯ ಉರಿಯೂತ. ಬರ್ಸೈಟಿಸ್ ಎಂದರೆ ನೀರಿನ ಚೀಲದ ಉರಿಯೂತ. ಎರೋಷನ್ ಎಂದರೆ ಎಲುಬಿನ ಅಂಚು ಕೊರೆದಿರುವುದು.

ಡಾಪ್ಲರ್ ಬಣ್ಣಕ್ಕೆ 0ಯಿಂದ 3ರವರೆಗೆ ಅಂಕ ಕೊಡುವ ರೂಢಿಯಿದೆ. 0 ಎಂದರೆ ಬಣ್ಣವಿಲ್ಲ. 1 ಎಂದರೆ ಅಲ್ಲೊಂದು ಇಲ್ಲೊಂದು ಚುಕ್ಕೆ. 2 ಎಂದರೆ ದಪ್ಪಗಾದ ಪೊರೆಯ ಅರ್ಧಕ್ಕಿಂತ ಕಡಿಮೆ ಭಾಗದಲ್ಲಿ, 3 ಎಂದರೆ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಬಣ್ಣ. ಮುಂದಿನ ಸಲ ಪರೀಕ್ಷೆ ಮಾಡಿಸಿದಾಗ ಹೋಲಿಸಲು ಈ ಅಂಕಗಳು ಬೇಕಾಗುತ್ತವೆ. ಹಳೆಯ ವರದಿಯನ್ನು ಎಸೆಯದೆ ಒಂದು ಫೈಲಿನಲ್ಲಿ ಇಡಿ.

ಒಂದು ಎಚ್ಚರಿಕೆ: ಆರೋಗ್ಯವಂತರ ಪಾದದ ಕೀಲಿನಲ್ಲೂ, ಒಳಬದಿಯ ಕೆಲವು ರಜ್ಜುಗಳ ಹೊದಿಕೆಯಲ್ಲೂ ಸ್ವಲ್ಪ ನೀರು ಇರುವುದುಂಟು. ವರದಿಯಲ್ಲಿ ‘ಅಲ್ಪ ಪ್ರಮಾಣದ ನೀರು’ ಎಂದು ಓದಿ ಗಾಬರಿಯಾಗಬೇಡಿ.

ವರದಿಯಿಂದ ಚಿಕಿತ್ಸೆ ಹೇಗೆ ಬದಲಾಗುತ್ತದೆ?

ಮೂವರು ರೋಗಿಗಳನ್ನು ಊಹಿಸಿಕೊಳ್ಳೋಣ. ಮೂವರಿಗೂ ರುಮಟಾಯಿಡ್ ಸಂಧಿವಾತ, ಮೂವರಿಗೂ ಬಲಗಾಲಿನ ಗಂಟು ಬಾತಿದೆ.

ಮೊದಲನೆಯವರಿಗೆ ಸ್ಕ್ಯಾನಿಂಗಿನಲ್ಲಿ ಮುಖ್ಯ ಕೀಲಿನ ಪೊರೆ ದಪ್ಪಗಾಗಿ ಬಣ್ಣ ತುಂಬಿದೆ. ಕೈಗಳು ಸರಿಯಿದ್ದರೂ ಕಾಯಿಲೆ ಹತೋಟಿಗೆ ಬಂದಿಲ್ಲ ಎಂದಾಯಿತು. ವೈದ್ಯರು ಔಷಧದ ಪ್ರಮಾಣ ಹೆಚ್ಚಿಸಬಹುದು, ಇನ್ನೊಂದನ್ನು ಸೇರಿಸಬಹುದು.

ಎರಡನೆಯವರಿಗೆ ಕೀಲು ಚೊಕ್ಕಟವಾಗಿದೆ, ಒಳಬದಿಯ ಟಿಬಿಯಾಲಿಸ್ ಪೋಸ್ಟೀರಿಯರ್ ರಜ್ಜುವಿನ ಸುತ್ತ ಮಾತ್ರ ಕಪ್ಪು ಉಂಗುರ. ಕೀಲಿಗೆ ಚುಚ್ಚುಮದ್ದು ಕೊಟ್ಟರೆ ಇಲ್ಲಿ ಪ್ರಯೋಜನವಿಲ್ಲ. ಬೇಕಾದರೆ ಪರದೆಯಲ್ಲಿ ಸೂಜಿಯ ತುದಿಯನ್ನು ನೋಡುತ್ತಾ ಹೊದಿಕೆಯೊಳಗೇ ಔಷಧ ಬಿಡಬೇಕು, ರಜ್ಜುವಿನೊಳಗೆ ಚುಚ್ಚಬಾರದು. ಜೊತೆಗೆ ಕಮಾನಿಗೆ ಆಸರೆ ಕೊಡುವ ಪಾದರಕ್ಷೆ, ಕೆಲವು ವಾರಗಳ ವಿಶ್ರಾಂತಿ ಬೇಕಾಗಬಹುದು.

ಮೂರನೆಯವರಿಗೆ ಕೀಲೂ ಸರಿ, ರಜ್ಜುವೂ ಸರಿ. ಚರ್ಮದಡಿಯ ಕೊಬ್ಬಿನಲ್ಲಿ ನೀರು ಮಾತ್ರ ಇದೆ. ಇವರಿಗೆ ಸಂಧಿವಾತದ ಔಷಧ ಹೆಚ್ಚಿಸುವುದು ತಪ್ಪು. ರಕ್ತದೊತ್ತಡ, ಹೃದಯ, ಮೂತ್ರಪಿಂಡ, ಕಾಲಿನ ರಕ್ತನಾಳ ಇವುಗಳ ಕಡೆ ನೋಡಬೇಕು.

ಹೊರಗಿನಿಂದ ಒಂದೇ ಬಾವು, ಒಳಗೆ ಮೂರು ಬೇರೆ ಕಥೆ, ಮೂರು ಬೇರೆ ಚಿಕಿತ್ಸೆ. ಸ್ಕ್ಯಾನಿಂಗಿನ ಸಾರವೇ ಇದು.

ಸ್ಕ್ಯಾನಿಂಗ್ ಹೇಳಲಾರದ್ದು

ಉರಿಯೂತ ಎಲ್ಲಿದೆ, ಎಷ್ಟಿದೆ ಎಂದು ಸ್ಕ್ಯಾನಿಂಗ್ ಹೇಳುತ್ತದೆ. ಯಾಕೆ ಬಂತು ಎಂದು ಅದೊಂದೇ ಹೇಳಲಾರದು. 2006 ಮತ್ತು 2007ರಲ್ಲಿ ಕೇರಳದಲ್ಲಿ ಹಬ್ಬಿದ ಚಿಕುನ್‌ಗುನ್ಯಾ ಜ್ವರವನ್ನು ನಮ್ಮ ಹಿರಿಯರು ಮರೆತಿಲ್ಲ. ಜ್ವರ ಇಳಿದ ಮೇಲೂ ಎಷ್ಟೋ ಮಂದಿಗೆ ಪಾದದ ಗಂಟು, ಮಣಿಕಟ್ಟು ತಿಂಗಳುಗಟ್ಟಲೆ ನೋಯುತ್ತಿದ್ದವು. ಆ ಗಂಟುಗಳಲ್ಲೂ ಸ್ಕ್ಯಾನಿಂಗಿನಲ್ಲಿ ಇದೇ ರೀತಿಯ ಬಾವು ಕಾಣಬಹುದು. ಆದುದರಿಂದ ಇತ್ತೀಚೆಗೆ ಜ್ವರ ಬಂದಿತ್ತೇ ಎಂಬುದನ್ನು ವೈದ್ಯರಿಗೆ ಹೇಳಲೇಬೇಕು. ರುಮಟಾಯಿಡ್ ಫ್ಯಾಕ್ಟರ್, ಆಂಟಿ ಸಿಸಿಪಿ, ಇಎಸ್‌ಆರ್, ಸಿಆರ್‌ಪಿ ಮುಂತಾದ ರಕ್ತಪರೀಕ್ಷೆಗಳೂ ಬೇಕಾಗುತ್ತವೆ. ಯೂರಿಕ್ ಆಮ್ಲದ ಹರಳು ಕೂಡುವ ಗೌಟ್ ಕಾಯಿಲೆಯಲ್ಲೂ ಪಾದದ ಗಂಟು ಬಾಯುತ್ತದೆ.

ಶಬ್ದ ಎಲುಬನ್ನು ದಾಟಿ ಹೋಗದು. ಎಲುಬಿನ ಒಳಗಿನ ತೊಂದರೆ, ಕೀಲಿನ ಆಳದಲ್ಲಿ ಎರಡು ಎಲುಬುಗಳ ನಡುವೆ ಅಡಗಿದ ಭಾಗ ಕಾಣುವುದಿಲ್ಲ. ಅದಕ್ಕೆ ಕೆಲವೊಮ್ಮೆ ಎಂಆರ್‌ಐ ಬೇಕಾಗುತ್ತದೆ. ಜೊತೆಗೆ ಈ ಪರೀಕ್ಷೆಯ ಗುಣ ಮಾಡುವವರ ಅನುಭವವನ್ನು ಅವಲಂಬಿಸಿದೆ. ಹೊಟ್ಟೆಯ ಸ್ಕ್ಯಾನಿಂಗ್ ಚೆನ್ನಾಗಿ ಮಾಡುವವರೆಲ್ಲ ಕೀಲಿನ ಸ್ಕ್ಯಾನಿಂಗಿನಲ್ಲಿ ಪಳಗಿರುವುದಿಲ್ಲ.

ಪ್ರತಿ ತಿಂಗಳೂ ಸ್ಕ್ಯಾನಿಂಗ್ ಬೇಕೆಂದೂ ಇಲ್ಲ. ನಾರ್ವೆ ದೇಶದ ವೈದ್ಯರು ಕಾಯಿಲೆಯ ಆರಂಭದ ಹಂತದಲ್ಲಿದ್ದ 238 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪ್ರತಿ ಭೇಟಿಯಲ್ಲೂ ಅಲ್ಟ್ರಾಸೌಂಡ್ ನೋಡಿ, ಇನ್ನೊಂದು ಗುಂಪಿಗೆ ಕೈಯಿಂದ ಪರೀಕ್ಷಿಸಿಯೇ ಔಷಧ ಬದಲಿಸುತ್ತಾ ಎರಡು ವರ್ಷ ನೋಡಿಕೊಂಡರು. ಆರ್ಕ್ಟಿಕ್ ಎಂಬ ಈ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಎರಡು ಗುಂಪುಗಳ ಫಲಿತಾಂಶದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಇದರ ಅರ್ಥ ಅಲ್ಟ್ರಾಸೌಂಡ್ ಬೇಡವೆಂದಲ್ಲ. ಕ್ರಮವಾಗಿ ವೈದ್ಯರನ್ನು ಕಂಡು ಔಷಧ ಸರಿಪಡಿಸಿಕೊಳ್ಳುವುದೇ ಮುಖ್ಯ, ಸಂಶಯವಿರುವಲ್ಲಿ ಮಾತ್ರ ಸ್ಕ್ಯಾನಿಂಗ್ ಸಾಕು ಎಂದು ತಿಳಿಯಬೇಕು. ಮೇಲಿಂದ ಸರಿಯಾಗಿ ತಿಳಿಯದ ಪಾದದ ಗಂಟು ಅಂತಹ ಸಂಶಯದ ಜಾಗಗಳಲ್ಲೊಂದು.

ಮನೆಯಲ್ಲೇ ಗಮನಿಸಬಹುದಾದ ಸೂಚನೆಗಳು

1. ಅಂಗಳದಲ್ಲಿ ನೇರ ನಿಂತು ಮನೆಯವರು ಹಿಂದಿನಿಂದ ನೋಡಲಿ. ಹಿಮ್ಮಡಿ ಹೊರಕ್ಕೆ ವಾಲಿದೆಯೇ? ಒಂದು ಪಾದದ ಹೊರಬದಿಯಲ್ಲಿ ಮತ್ತೊಂದಕ್ಕಿಂತ ಹೆಚ್ಚು ಬೆರಳುಗಳು ಕಾಣುತ್ತವೆಯೇ?

2. ಗೋಡೆ ಹಿಡಿದು ಒಂದೇ ಕಾಲಿನಲ್ಲಿ ನಿಂತು ಹಿಮ್ಮಡಿ ಎತ್ತಲು ನೋಡಿ. ಎತ್ತಲಾಗದಿದ್ದರೆ ಅಥವಾ ಒಳಬದಿಯಲ್ಲಿ ನೋವು ಬಂದರೆ ವೈದ್ಯರಿಗೆ ತಿಳಿಸಿ.

3. ಒದ್ದೆ ಕಾಲಿನಲ್ಲಿ ಸಿಮೆಂಟು ನೆಲದ ಮೇಲೆ ನಡೆದು ಹೆಜ್ಜೆ ಗುರುತು ನೋಡಿ. ಮೊದಲಿದ್ದ ಕಮಾನಿನ ಒಣ ಜಾಗ ಈಗ ಮಾಯವಾಗಿದ್ದರೆ ಅದೂ ಒಂದು ಸೂಚನೆ.

4. ಒಂದೇ ಗಂಟು ಏಕಾಏಕಿ ಕೆಂಪಾಗಿ, ಬಿಸಿಯಾಗಿ, ಜ್ವರವೂ ಇದ್ದರೆ ಅದು ಕೀವು ತುಂಬುವ ಸೋಂಕಾಗಿರಬಹುದು. ಸ್ಕ್ಯಾನಿಂಗ್ ದಿನಾಂಕಕ್ಕೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದಕ್ಕೂ ತಡಮಾಡಬಾರದು.

ಔಷಧದ ವಿಷಯದಲ್ಲಿ ಎಚ್ಚರ

ಕೊಳೆರೋಗ ತೋಟವಿಡೀ ಹಬ್ಬಿದ ಮೇಲೆ ಬೋರ್ಡೋ ದ್ರಾವಣ ಹೊಡೆದರೆ ಉದುರಿದ ಅಡಿಕೆ ಮರಳಿ ಮರ ಹತ್ತದು. ಮಳೆ ಹಿಡಿಯುವ ಮೊದಲೇ ಹೊಡೆಯಬೇಕು. ಸಂಧಿವಾತದ ಔಷಧವೂ ಹಾಗೆ. ನೋವಿನ ಮಾತ್ರೆ ನೋವನ್ನಷ್ಟೇ ಇಳಿಸುತ್ತದೆ. ಎಲುಬು ಕೊರೆಯುವುದನ್ನು ತಡೆಯಲು ಮೆಥೊಟ್ರೆಕ್ಸೇಟ್, ಸಲ್ಫಸಲಜೀನ್, ಲೆಫ್ಲುನಮೈಡ್ ಮುಂತಾದ ಔಷಧಗಳು ಬೇಕು.

ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಯಾವ ವಾರ ಎಂದು ನಿಶ್ಚಯಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮನೆಯ ಇನ್ನೊಬ್ಬರಿಗೂ ಹೇಳಿಡಿ. ಜೊತೆಗೆ ಕೊಡುವ ಫೋಲಿಕ್ ಆಮ್ಲದ ಮಾತ್ರೆಯನ್ನು ಬಿಡಬೇಡಿ. ರಕ್ತ ಮತ್ತು ಯಕೃತ್ತಿನ ಪರೀಕ್ಷೆ ಹೇಳಿದ ಸಮಯಕ್ಕೆ ಮಾಡಿಸಿ. ಮದ್ಯ, ಕಳ್ಳು ಬೇಡ. ಮಕ್ಕಳು ಬೇಕೆಂದಿರುವವರು, ಗರ್ಭಿಣಿಯರು ಮೊದಲೇ ವೈದ್ಯರಲ್ಲಿ ಮಾತಾಡಬೇಕು. ಮೆಥೊಟ್ರೆಕ್ಸೇಟ್, ಲೆಫ್ಲುನಮೈಡ್ ಎರಡೂ ಗರ್ಭಕ್ಕೆ ಹಾನಿಕರ.

ಹೆಸರು, ವಿಳಾಸವಿಲ್ಲದ ಪುಡಿ, ಗುಳಿಗೆಗಳಿಂದ ಎರಡೇ ದಿನದಲ್ಲಿ ನೋವು ಮಾಯವಾದರೆ ಹಿಗ್ಗಬೇಡಿ. ಅಂತಹವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಬೀಡಿ, ಸಿಗರೇಟು ಸೇದುವುದರಿಂದ ಈ ಕಾಯಿಲೆ ಬರುವ ಸಂಭವವೂ ಉಲ್ಬಣಿಸುವ ಸಂಭವವೂ ಹೆಚ್ಚು.

ತೋಟ ಗದ್ದೆಗಳಲ್ಲಿ ಪಾದದ ಆರೈಕೆ

ಬಾವು ಇರುವಾಗ ಭಾರ ಹೊತ್ತು ಗುಡ್ಡೆ ಹತ್ತುವುದು, ಜಾರುವ ಕಟ್ಟಹುಣಿಯ ಮೇಲೆ ನಡೆಯುವುದು ಬೇಡ. ಬಾವು ಇಳಿದ ಮೇಲೆ ಕೆಲಸಕ್ಕೆ ಹಿಂತಿರುಗಬಹುದು, ಎಂದೆಂದಿಗೂ ಕುಳಿತಿರಬೇಕೆಂದಿಲ್ಲ. ಹಿಂದೆ ಪಟ್ಟಿಯಿಲ್ಲದ ಹವಾಯಿ ಚಪ್ಪಲಿಗಿಂತ ಹಿಮ್ಮಡಿ ಹಿಡಿದಿಡುವ ಪಟ್ಟಿಯಿರುವ, ಅಡಿ ಗಟ್ಟಿಯಾದ ಪಾದರಕ್ಷೆ ಒಳ್ಳೆಯದು.

ಸಂಧಿವಾತದ ಔಷಧಗಳಿಂದ ಸೋಂಕು ತಡೆಯುವ ಶಕ್ತಿ ತುಸು ತಗ್ಗುತ್ತದೆ. ಮಳೆಗಾಲದಲ್ಲಿ ಒಡೆದ ಹಿಮ್ಮಡಿ, ಗಾಯಗಳ ಮೂಲಕ ಇಲಿಜ್ವರ ಒಳಸೇರುವ ಅಪಾಯವಿದೆ. ಗದ್ದೆ, ತೋಡುಗಳಿಗೆ ಇಳಿಯುವಾಗ ಬೂಟು ಹಾಕಿ, ಕೆಲಸ ಮುಗಿದೊಡನೆ ಸಾಬೂನಿನಿಂದ ಕಾಲು ತೊಳೆದು ಬೆರಳ ಸಂದಿಯನ್ನು ಒರೆಸಿ. ಜ್ವರ ಬಂದರೆ ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರೆಂದು ವೈದ್ಯರಿಗೆ ಹೇಳಿ.

ಬೀಡಿ ಕಟ್ಟುವವರು, ಅಡಿಕೆ ಸುಲಿಯುವವರು ಅರ್ಧ ಗಂಟೆಗೊಮ್ಮೆ ಕಾಲು ಚಾಚಿ ಪಾದವನ್ನು ಮೇಲೆ ಕೆಳಗೆ ಹತ್ತು ಸಲ ಆಡಿಸಬೇಕು. ಕುರ್ಚಿಯಲ್ಲಿ ಕುಳಿತು ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಎಂದು ಅಕ್ಷರಮಾಲೆ ಬರೆಯುವುದು ಒಳ್ಳೆಯ ವ್ಯಾಯಾಮ. ಬಿಸಿಯಾಗಿ ಬಾತಿರುವ ಗಂಟನ್ನು ಮಾತ್ರ ಬಲವಾಗಿ ತಿಕ್ಕಬೇಡಿ.

ನೆನಪಿಡಬೇಕಾದ ಅಂಶಗಳು

ಪಾದದ ಗಂಟಿನ ಬಾವು ಎಲ್ಲವೂ ಒಂದೇ ಅಲ್ಲ. ಕೀಲು, ರಜ್ಜುವಿನ ಹೊದಿಕೆ, ಚರ್ಮದಡಿಯ ನೀರು ಎಂದು ಬೇರೆಬೇರೆ ಇವೆ.

28 ಕೀಲುಗಳ ಲೆಕ್ಕದಲ್ಲಿ ಪಾದ ಸೇರಿಲ್ಲ. ಪ್ರತಿ ಭೇಟಿಯಲ್ಲೂ ಪಾದ ತೋರಿಸಿ.

ಅಲ್ಟ್ರಾಸೌಂಡ್ ನೋವಿಲ್ಲದ, ವಿಕಿರಣವಿಲ್ಲದ ಪರೀಕ್ಷೆ. ಉರಿಯೂತ ಎಲ್ಲಿ, ಎಷ್ಟು ಎಂದು ಅದು ತೋರಿಸುತ್ತದೆ. ಕಾರಣ ತಿಳಿಯಲು ವೈದ್ಯರ ಪರೀಕ್ಷೆಯೂ ರಕ್ತಪರೀಕ್ಷೆಯೂ ಬೇಕು.

ಕಪಾಟಿನಲ್ಲಿಟ್ಟ ಚೀಟಿ ಇದ್ದರೆ ಈ ವಾರವೇ ತೆಗೆಯಿರಿ. ಕಮಾನು ಕುಸಿಯುವ ಮೊದಲು ಮಾಡಿಸುವ ಪರೀಕ್ಷೆಯಿಂದಲೇ ಹೆಚ್ಚಿನ ಲಾಭ.